ಬೇಲ, ಬಿಲ್ವ, ಬೆಳವಲ: ಯಾವ ಹಣ್ಣಿನ ಗುಣ ಯಾವುದಕ್ಕೆ?

ಬೇಸಿಗೆ ಬಂತೆಂದರೆ ಸಾಕು, ‘ಬೇಲದ ಹಣ್ಣಿನ ಶರಬತ್ತು ಕುಡಿಯಿರಿ, ಭೇದಿ ನಿಲ್ಲುತ್ತದೆ, ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ’ ಎಂಬ ಬರಹಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಇವುಗಳಲ್ಲಿ ಬಹಳಷ್ಟು ಬೇಲದ ಬಗೆಗಿನವೇ ಅಲ್ಲ ಎಂಬುದು ನನ್ನ ತಕರಾರು. ಹಿಂದಿಯ ‘ಬೇಲ್’ ಎಂದರೆ ನಮ್ಮ ಬಿಲ್ವ. ನಮ್ಮ ಬೇಲಕ್ಕೆ ಅವರು ‘ಕೈಥ್’ ಎನ್ನುತ್ತಾರೆ. ಬರೆಯುವವರು ಬೇಲ್‌ಗೆ ಒಂದು ಅಕಾರ ಹಚ್ಚಿ ಕೈ ತೊಳೆದುಕೊಂಡಿದ್ದಾರೆ. ಇಂಗ್ಲಿಷಿನ ‘ವುಡ್ ಆ್ಯಪಲ್’ ಎಂಬ ಹೆಸರು ಎರಡಕ್ಕೂ ಬಳಕೆಯಲ್ಲಿರುವುದರಿಂದ ಅದನ್ನು ನೋಡಿ ತಿದ್ದಿಕೊಳ್ಳುವ ದಾರಿಯೂ ಇಲ್ಲ.

ಬೆಳಗಾವಿಯಲ್ಲಿ ಈ ತೊಡಕು ಇನ್ನೂ ಬಿಗಿ. ಮರಾಠಿಯಲ್ಲೂ ಬಿಲ್ವಕ್ಕೆ ‘ಬೇಲ್’ ಎಂದೇ ಹೆಸರು, ಬೇಲಕ್ಕೆ ‘ಕವಠ’. ಅಂದರೆ ಹಣ್ಣಿನ ಬುಟ್ಟಿಯ ಮುಂದೆ ನಿಂತು ಕನ್ನಡದಲ್ಲಿ ಬೇಲ ಕೇಳಿದವರಿಗೆ ಒಂದು ಹಣ್ಣು, ಮರಾಠಿಯಲ್ಲಿ ಬೇಲ್ ಕೇಳಿದವರಿಗೆ ಇನ್ನೊಂದು ಹಣ್ಣು ಸಿಗಬೇಕು. ಮಹಾಶಿವರಾತ್ರಿಯಂದು ಮರಾಠಿ ಮನೆಗಳಲ್ಲಿ ಬೇಲ್ ಪತ್ರೆ ಶಿವನಿಗೆ, ಕವಠದ ಚಟ್ನಿ ಉಪವಾಸದವರಿಗೆ. ಅವರಿಗೆ ಗೊಂದಲವೇ ಇಲ್ಲ. ಇರುವುದು ಕನ್ನಡಕ್ಕೆ ಅನುವಾದ ಮಾಡುವವರಿಗೆ.

ಮರಗಳು ನಿಂಬೆಯ ಕುಟುಂಬದವೇ ಆದರೂ ಗುರುತು ಹಿಡಿಯುವುದು ಕಷ್ಟವಲ್ಲ. ಬಿಲ್ವದ್ದು ಮೂರೆಲೆ, ನಯವಾದ ಹಳದಿ-ಹಸಿರು ಚಿಪ್ಪು, ಒಳಗೆ ಅಂಟಂಟಾದ ಹಳದಿ ತಿರುಳು. ಬೇಲದ್ದು ಒಂದೇ ಕಡ್ಡಿಗೆ ಐದೋ ಏಳೋ ಕಿರಿಯೆಲೆ, ಒರಟಾದ ಬೂದು ಚಿಪ್ಪು, ಹುಳಿ-ಸಿಹಿಯ ಕಂದು ತಿರುಳು. ರಾಮನವಮಿಯ ಪಾನಕಕ್ಕೆ ಬೆಲ್ಲ, ಏಲಕ್ಕಿಯೊಂದಿಗೆ ಕಿವುಚುವುದು ಈ ಎರಡನೆಯದನ್ನು. ಗಣಪತಿಯ ಶ್ಲೋಕದಲ್ಲಿ ಜಂಬೂ ಜೊತೆಗೆ ಬರುವ ‘ಕಪಿತ್ಥ’ವೂ ಇದೇ. ಆನೆ ತಿಂದ ಕಪಿತ್ಥದಂತೆ ಸಂಪತ್ತು ಕಾಣದಂತೆ ಹೋಗುತ್ತದೆ ಎಂಬ ಸಂಸ್ಕೃತದ ಮಾತೂ ಈ ಹಣ್ಣಿನದೇ.

ಹೆಸರು ತಪ್ಪಿದರೆ ಏನಾಗುತ್ತದೆ ಎನ್ನುವವರು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಆಹಾರ ಕೋಷ್ಟಕವನ್ನು ನೋಡಬೇಕು. 100 ಗ್ರಾಂ ತಿರುಳಿನಲ್ಲಿ ಬಿಲ್ವಕ್ಕೆ 137, ಬೇಲಕ್ಕೆ 134 ಕಿಲೋಕ್ಯಾಲರಿ, ಇಲ್ಲಿ ವ್ಯತ್ಯಾಸವಿಲ್ಲ. ಆದರೆ ಪ್ರೋಟೀನ್ ಬಿಲ್ವದಲ್ಲಿ 1.8 ಗ್ರಾಂ, ಬೇಲದಲ್ಲಿ 7.1 ಗ್ರಾಂ. ಹಣ್ಣೊಂದರಲ್ಲಿ ಇಷ್ಟು ಪ್ರೋಟೀನ್ ಅಪರೂಪ. ತಿರುಳಿನೊಂದಿಗೆ ನಾವು ತಿಂದುಬಿಡುವ ಸಣ್ಣ ಬೀಜಗಳ ಪಾಲು ಇದರಲ್ಲಿ ದೊಡ್ಡದಿರಬೇಕು. ಸುಣ್ಣದಂಶವೂ ಬೇಲದಲ್ಲಿ ಹೆಚ್ಚು: 130 ಮಿಲಿಗ್ರಾಂ, ಬಿಲ್ವದಲ್ಲಿ 85. ಶರ್ಕರಪಿಷ್ಟದಲ್ಲಿ ಮಾತ್ರ ಬಿಲ್ವ ಮುಂದೆ: 31.8 ಗ್ರಾಂ, ಬೇಲದ್ದು 18.1.

ಔಷಧಿಯ ಮಾತಿನಲ್ಲಿ ಗೊಂದಲ ಇನ್ನೂ ದುಬಾರಿ. ಆಯುರ್ವೇದದಲ್ಲಿ ಭೇದಿಗೆ ಹೇಳಿರುವುದು ಬಿಲ್ವದ ಎಳೆಯ ಕಾಯಿಯನ್ನು, ಸಾಮಾನ್ಯವಾಗಿ ಹೋಳು ಮಾಡಿ ಒಣಗಿಸಿದ್ದನ್ನು. ಪಕ್ವವಾದ ಬಿಲ್ವದ ಹಣ್ಣನ್ನು ಮಲ ಸಡಿಲಿಸಲು ಕೊಡುವ ರೂಢಿಯಿದೆ. ಹಾಗಿರುವಾಗ ಭೇದಿಯಾದವನಿಗೆ ‘ಬೇಲದ ಹಣ್ಣು’ ಎಂದು ಬರೆದರೆ ಮರವೂ ತಪ್ಪಿತು, ಹದವೂ ತಪ್ಪಿತು. ಹತ್ತು ಬೇರುಗಳ ಔಷಧಿಯಾದ ದಶಮೂಲದಲ್ಲಿ ಸೇರುವುದೂ ಬಿಲ್ವದ ಬೇರೇ. ಇನ್ನು ಸಕ್ಕರೆ ಕಾಯಿಲೆಯ ಮಾತಿಗೆ ಆಧಾರವಾಗಿ ತೋರಿಸುವ ಪ್ರಯೋಗಗಳಲ್ಲಿ ಹೆಚ್ಚಿನವು ಬಿಲ್ವಪತ್ರೆಯ ಸಾರವನ್ನು ಇಲಿಗಳಿಗೆ ಕೊಟ್ಟು ನೋಡಿದವು. ಅದನ್ನು ನಂಬಿ ಬೆಲ್ಲ ಹಾಕಿದ ಶರಬತ್ತು ಕುಡಿಯುವ ಮಧುಮೇಹಿಗಳ ವಿಷಯದಲ್ಲಿ ನನಗೆ ನಗುವೂ ಬರುತ್ತದೆ, ಹೆದರಿಕೆಯೂ ಆಗುತ್ತದೆ.

ಈಗ ಬಲ್ಲವರಲ್ಲಿ ಪ್ರಶ್ನೆ. ಬೇಲಕ್ಕೆ ‘ಬೆಳವಲ’ ಎಂಬ ಹಳೆಯ ಹೆಸರು ನಿಘಂಟುಗಳಲ್ಲಿದೆ. ಕನ್ನಡದ ಆರೋಗ್ಯ ಬರಹಗಳಲ್ಲಿ ಬೆಳವಲ, ಬಿಲ್ವ ಎಂಬ ಜೋಡಿಯನ್ನೇ ಬಳಸಿ ‘ಬೇಲ’ವನ್ನು ಬದಿಗಿಟ್ಟರೆ ಬೇಲ್ ನುಸುಳುವುದು ನಿಲ್ಲುತ್ತದೆ ಎಂದು ನನ್ನ ಎಣಿಕೆ. ಆದರೆ ನಮ್ಮ ಕಡೆ ಬೆಳವಲ ಎಂದರೆ ಬೆಳೆ ತೆಗೆಯುವ ಎರೆನೆಲವೂ ಹೌದು. ಶಾಸನಗಳಲ್ಲಿ ಬರುವ ‘ಬೆಳ್ವೊಲ ಮುನ್ನೂರು’ ಎಂಬ ಹಳೆಯ ನಾಡಿನ ಹೆಸರು ಆ ನೆಲದ್ದೇ. ಜಮಖಂಡಿ, ಬಾದಾಮಿ, ಇಂಡಿ, ಸಿಂದಗಿ ಕಡೆಯವರು ಹೇಳಬೇಕು: ‘ಬೆಳವಲದ ಹಣ್ಣು’ ಎಂದರೆ ನಿಮ್ಮೂರಿನಲ್ಲಿ ತಟ್ಟನೆ ತಿಳಿಯುತ್ತದೆಯೇ? ಇಲ್ಲವಾದರೆ ಆ ಒರಟು ಚಿಪ್ಪಿನ ಹಣ್ಣಿಗೆ ಮನೆಯಲ್ಲಿ ಏನೆನ್ನುತ್ತೀರಿ, ಮತ್ತು ಬಿಲ್ವದ ಕಾಯಿಗೆ ‘ಪತ್ರಿ ಕಾಯಿ’ಯಲ್ಲದೆ ಬೇರೆ ಹೆಸರು ಉಂಟೇ?