ಅಕ್ಕ, ಮೊದಲು ನೀನು ಓದಿ ಹೇಳು

ಅಕ್ಕ, ಮನೆ ಗ್ರೂಪಿನಲ್ಲಿ ನೀನು ಹಾಕಿದ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಪುಟ್ಟಿ ಮೂರನೇ ಕ್ಲಾಸಿಗೆ ಬಂದರೂ ಕನ್ನಡ ಓದುವಾಗ ತಡವರಿಸುತ್ತಾಳೆ, ಎರಡು ಸಾಲು ಓದಿ ಮೊಬೈಲ್ ಕೇಳುತ್ತಾಳೆ, ಮೂವತ್ತು ಪುಸ್ತಕದ ಸೆಟ್ ತರಿಸಲಾ ಅಂತ ಕೇಳಿದ್ದೀಯ. ಅದರ ಕೆಳಗೇ ಭಾವ, ನೀವು "ಈಗ ನನ್ನ ಕೈಲೂ ಎರಡು ಪುಟ ಓದಲು ಆಗಲ್ಲ" ಅಂತ ಬರೆದಿದ್ದೀರಿ. ಎರಡಕ್ಕೂ ಸೇರಿಸಿಯೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮಾಡುತ್ತಾ ಕೇಳಿಸಿಕೋ.

ಮೊದಲನೆಯದಾಗಿ, ಪುಟ್ಟಿ ದಡ್ಡಿ ಅಲ್ಲ, ಸೋಮಾರಿಯೂ ಅಲ್ಲ. ನನ್ನ ಕ್ಲಾಸಿನ ಮಕ್ಕಳೂ ಹೀಗೇ ಓದುತ್ತಾರೆ. ವರ್ಣಮಾಲೆಯಲ್ಲಿ 49 ಅಕ್ಷರ ಅಂತೀವಿ. ಆದರೆ ಕಾಗುಣಿತ ಸೇರಿದರೆ 400ಕ್ಕೂ ಜಾಸ್ತಿ ರೂಪ ಆಗುತ್ತವೆ, ಅದರ ಮೇಲೆ ಒತ್ತಕ್ಷರ ಬೇರೆ. "ರಾತ್ರಿ" ಅನ್ನೋ ಪದವನ್ನೇ ಬರೆದು ನೋಡು. ಗುಡಿಸು ಕೂತಿರುವುದು ತ ಮೇಲೆ, ರ ಒತ್ತು ಕೆಳಗೆ. ಓದುವಾಗ ಮಾತ್ರ ಇಕಾರ ರ ಆದಮೇಲೆ ಬರಬೇಕು. ಮಗು ಕಣ್ಣಿಗೆ ಕಂಡ ಹಾಗೆ "ರಾತಿರ" ಅಂತ ಓದುತ್ತದೆ. "ಸೂರ್ಯ"ದಲ್ಲಿ ಇನ್ನೂ ಕಷ್ಟ. ಮೊದಲು ಹೇಳಬೇಕಾದ ರಕಾರ ಅರ್ಕಾವತ್ತಾಗಿ ಕೊನೆಯಲ್ಲಿ ಕೂತಿರುತ್ತದೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಇದೆ. ಇಂಗ್ಲಿಷಿನ 26 ಅಕ್ಷರದ ಹಾಗೆ ನಮ್ಮದು ಬೇಗ ಕಲಿತು ಮುಗಿಯುವುದಿಲ್ಲ, ನಾಲ್ಕನೇ ಕ್ಲಾಸಿನಲ್ಲೂ ಮಕ್ಕಳು ಕಲಿಯುತ್ತಲೇ ಇರುತ್ತಾರೆ. ಹಾಗಾಗಿ ಅವಳು "ರಾತಿರ" ಅಂದಾಗ "ಎಷ್ಟು ಸಲ ಹೇಳಿಕೊಡೋದು" ಅನ್ನಬೇಡ. "ರಾತ್ರಿ" ಅಂತ ನೀನೇ ಮೆಲ್ಲಗೆ ಹೇಳಿ ಮುಂದಕ್ಕೆ ಹೋಗು. ಪ್ರತಿ ಪದಕ್ಕೂ ನಿಲ್ಲಿಸಿದರೆ ಕಥೆ ಎಲ್ಲಿತ್ತು ಅಂತಲೇ ಅವಳಿಗೆ ಮರೆತುಹೋಗುತ್ತದೆ.

ಈಗ ಮುಖ್ಯ ವಿಷಯ. ಅಕ್ಷರ ಕಲಿತ ತಕ್ಷಣ ನಾವು ಮಕ್ಕಳಿಗೆ ಕಥೆ ಓದಿ ಹೇಳುವುದನ್ನು ನಿಲ್ಲಿಸಿಬಿಡುತ್ತೇವೆ. "ನಿನಗೇ ಓದಲು ಬರುತ್ತಲ್ಲ, ಓದಿಕೋ" ಅಂತೀವಿ. ಅಲ್ಲೇ ಎಡವುವುದು. ಆ ವಯಸ್ಸಿನಲ್ಲಿ ಕಿವಿಯಿಂದ ಅರ್ಥವಾಗುವ ಕಥೆ ದೊಡ್ಡದು, ಕಣ್ಣಿನಿಂದ ಓದಲು ಆಗುವುದು ಚಿಕ್ಕದು. ಅವಳಿಗೆ ಕಾಡಿನ ಕಥೆ, ದೆವ್ವದ ಕಥೆ ಬೇಕು. ಕೈಯಲ್ಲಿರುವ ಪುಸ್ತಕದಲ್ಲಿ "ಕಮಲ ಹಾಲು ತಾ" ಇದೆ. ಬೇಜಾರಾಗದೆ ಇನ್ನೇನು? ಆ ದೊಡ್ಡ ಕಥೆಯನ್ನು ನೀನು ಓದಿ ಹೇಳು. ಪಕ್ಕದಲ್ಲಿ ಕೂರಿಸಿಕೊಂಡು, ಸಾಲಿನ ಕೆಳಗೆ ಬೆರಳು ಸರಿಸುತ್ತಾ ಓದು. ಒಂದು ಪುಟ ನೀನು, ಒಂದು ಸಾಲು ಅವಳು. ದಿನಾ ಮಲಗುವ ಮುಂಚೆ ಹದಿನೈದು ನಿಮಿಷ ಸಾಕು.

ಇದು ಹೊಸದೇನಲ್ಲ ಅಲ್ವಾ? ನಮ್ಮ ಕಡೆ ಓದು ಅಂದರೆ ಒಬ್ಬರೇ ಮೂಲೆಯಲ್ಲಿ ಕೂತು ಮಾಡುವ ಕೆಲಸ ಆಗಿರಲೇ ಇಲ್ಲ. ಜಗಲಿಯಲ್ಲಿ ಕುಮಾರವ್ಯಾಸ ಭಾರತ ಓದಿಸುತ್ತಿದ್ದರು. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಅಕ್ಷರವೇ ಬಾರದವರು ಕೂಡ ಕರ್ಣನಿಗೆ ಕಣ್ಣೀರು ಹಾಕುತ್ತಿದ್ದರು. ಶಿವಮೊಗ್ಗ ಹತ್ತಿರದ ಹೊಸಹಳ್ಳಿಯಲ್ಲಿ ಹೀಗೆ ಕಾವ್ಯವನ್ನು ರಾಗವಾಗಿ ಓದುವ ಗಮಕ ಕಲೆ ಈಗಲೂ ಉಳಿದಿದೆ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ನೀನು ರಾಗ ಹಾಕಬೇಕಿಲ್ಲ. ದೊಡ್ಡ ದನಿಯಲ್ಲಿ, ಹುಲಿಗೆ ಹುಲಿಯ ದನಿ ಕೊಟ್ಟು ಓದಿದರೆ ಸಾಕು.

ಕಥೆ ಮುಗಿದಮೇಲೆ ದಯವಿಟ್ಟು "ಈ ಕಥೆಯ ನೀತಿ ಏನು?" ಅಂತ ಕೇಳಬೇಡ. ಆ ಪ್ರಶ್ನೆ ಬಂತು ಅಂದರೆ ಮಗುವಿಗೆ ಪರೀಕ್ಷೆ ಶುರು ಅಂತ ಗೊತ್ತಾಗುತ್ತದೆ. ಅವಳೇ ಏನಾದರೂ ಕೇಳಿದರೆ ಮಾತಾಡು, ಇಲ್ಲದಿದ್ದರೆ ಲೈಟ್ ಆರಿಸಿ ಮಲಗಿಸು. ಒಂದೇ ಪುಸ್ತಕ ಹತ್ತು ಸಲ ಬೇಕು ಅಂದರೆ ಹತ್ತು ಸಲವೂ ಓದು. ಮತ್ತೆ ಮತ್ತೆ ಕೇಳಿದ ಪದಗಳನ್ನೇ ಮಕ್ಕಳು ಮೊದಲು ತಾವಾಗಿ ಗುರುತಿಸುವುದು. ಮಾವ, ಪುಟಕ್ಕೆ ಐದು ರೂಪಾಯಿ ಕೊಡೋಣ ಅಂತ ನೀವು ಪ್ರೀತಿಯಿಂದಲೇ ಹೇಳಿದ್ದೀರಿ. ಆದರೆ ಬೇಡ. ದುಡ್ಡಿಗೆ ಓದಿದ ಮಗು ದುಡ್ಡು ನಿಂತ ದಿನ ಪುಸ್ತಕ ಮುಚ್ಚಿಡುತ್ತದೆ.

ಭಾವ, ಈಗ ನಿಮ್ಮದು. ನಿಮಗೆ ಓದುವ ಆಸೆ ಹೋಗಿಲ್ಲ, ಫೋನ್ ಪಕ್ಕದಲ್ಲಿರುವುದೇ ತೊಂದರೆ. ಓದುವಾಗ ಅದನ್ನು ಬೇರೆ ರೂಮಿನಲ್ಲಿಡಿ, ಸೈಲೆಂಟ್ ಮಾಡಿದರೆ ಸಾಲದು. ದಪ್ಪ ಕಾದಂಬರಿಯಿಂದ ಶುರು ಮಾಡಬೇಡಿ. ಮಯೂರದ ಒಂದು ಕಥೆ, ಸುಧಾದ ಒಂದು ಲೇಖನ, ಒಂದೇ ಸಲ ಕೂತು ಮುಗಿಸುವಂಥದ್ದು ಓದಿ. ಹಿಡಿಸದಿದ್ದರೆ ಅರ್ಧಕ್ಕೆ ಬಿಡಿ, ಪಾಪ ಏನೂ ಇಲ್ಲ. ಪುಟ್ಟಿ ಎಚ್ಚರ ಇರುವಾಗಲೇ, ಅವಳ ಕಣ್ಣೆದುರೇ ಓದಿ. ಅಪ್ಪ ಪುಸ್ತಕ ಓದುತ್ತಾ ತಾನೇ ನಕ್ಕದ್ದು ನೋಡಿದರೆ "ಏನಪ್ಪಾ ಅದು?" ಅಂತ ಅವಳೇ ಓಡಿ ಬರುತ್ತಾಳೆ.

ಪುಸ್ತಕ ಎಲ್ಲಿಂದ ಅಂದರೆ, ಭಾವ, ನಿಮ್ಮ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಶೇ 6 ಕಟ್ಟಿರುತ್ತೀರಿ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ಲೈಬ್ರರಿ ನಮ್ಮ ದುಡ್ಡಲ್ಲೇ ನಡೆಯುವುದು, ಪುಟ್ಟಿಯನ್ನು ಕರೆದುಕೊಂಡು ಹೋಗಿ, ಪುಸ್ತಕ ಅವಳೇ ಆರಿಸಲಿ. ಚಿತ್ರ ನೋಡಿ ಆರಿಸಿದರೂ ಪರವಾಗಿಲ್ಲ. ರಜಕ್ಕೆ ಊರಿಗೆ ಬಂದಾಗ ನಮ್ಮ ಪಂಚಾಯಿತಿ ಲೈಬ್ರರಿ ಇದ್ದೇ ಇದೆ, ಈಗ ಅರಿವು ಕೇಂದ್ರ ಅಂತಾರೆ. 2020ರಲ್ಲಿ "ಓದುವ ಬೆಳಕು" ಅನ್ನೋ ಸರ್ಕಾರಿ ಕಾರ್ಯಕ್ರಮ ಶುರುವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಫ್ರೀ. ಇನ್ನು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ, ಹಂತ 1ರಿಂದ 4ರವರೆಗೆ. ಅವಳೇ ಓದಲು ಹಂತ 1 ಮತ್ತು 2 ಇರಲಿ, ನೀನು ಓದಿ ಹೇಳಲು 3, 4. ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಸಿಕೋ, ಫೋನಿನಲ್ಲೇ ತೋರಿಸಿದರೆ ಮತ್ತೆ ಯೂಟ್ಯೂಬ್ ಕಡೆಗೇ ಬೆರಳು ಹೋಗುತ್ತದೆ.

ಆ ಸೆಟ್ ಈಗಲೇ ಆರ್ಡರ್ ಮಾಡಬೇಡ ಅಕ್ಕ. ಮೂವತ್ತು ಪುಸ್ತಕ ಒಟ್ಟಿಗೆ ಬಂದರೆ ಒಂದನ್ನೂ ಬಿಡಿಸದೆ ಸುಮ್ನೆ ಕಪಾಟಿಗೆ ಹೋಗುತ್ತವೆ. ರಾತ್ರಿ ಎರಡು ಕಥೆಯ ಲಿಂಕ್ ಹಾಕುತ್ತೇನೆ, ಒಂದು ಆನೆಯದು, ಒಂದು ಮಳೆಯದು. ಯಾವುದನ್ನು ಇನ್ನೊಂದು ಸಲ ಓದು ಅಂದಳು ಅಂತ ನಾಳೆ ಹೇಳು. ಅದನ್ನು ನೋಡಿಕೊಂಡು ಮುಂದಿನದು ಕಳಿಸುತ್ತೇನೆ.