ಸಾಲದ ಮನೆ ಲೀಸ್‌ಗೆ ಕೊಡಬಹುದಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಸೇಡಂ ರಸ್ತೆ ಕಡೆ ಒಂದು ಹಳೇ ಮನೆ ನೋಡಿದ್ದೇನೆ. ಬಾಡಿಗೆಗೆ ಕೊಡೋಕೇ ಅಂತ. ಕೆಳಗೊಂದು, ಮೇಲೊಂದು ಪೋರ್ಷನ್, ನೆಲಕ್ಕೆಲ್ಲ ಶಹಾಬಾದ್ ಕಲ್ಲು. ಬೆಲೆ 28 ಲಕ್ಷ. ನನ್ನ ಹತ್ರ ಇರೋದು 4 ಲಕ್ಷ ಮಾತ್ರ.

30 ಲಕ್ಷದೊಳಗಿನ ಸಾಲ ಆದ್ದರಿಂದ ಬ್ಯಾಂಕಿನವರು ಶೇ. 90 ಕೊಡ್ತೀವಿ ಅಂದರು. ಖುಷಿಯಾಯ್ತು. ಆದರೆ ಸ್ಟಾಂಪ್, ನೋಂದಣಿ ಖರ್ಚು ಅದರಲ್ಲಿ ಸೇರಲ್ಲವಂತೆ. ನೋಂದಣಿ ಶುಲ್ಕ ಕಳೆದ 2025ರ ಆಗಸ್ಟ್ ಕೊನೆಗೆ ಶೇ. 1ರಿಂದ 2 ಆಗಿದೆ ಅಲ್ವಾ, ಎಲ್ಲ ಸೇರಿ 2 ಲಕ್ಷ ದಾಟುತ್ತೆ. ನನ್ನ ಪಾಲಿನ 2.8 ಲಕ್ಷ ಕೂಡಿಸಿದರೆ ಸುಮಾರು ಒಂದು ಲಕ್ಷ ಕಡಿಮೆ ಬೀಳುತ್ತೆ. ಚಿನ್ನ ಅಡ ಇಡೋಣ ಅಂದರೆ ಮನೆಯವಳು ಮುಖ ತಿರುಗಿಸಿದಳು. ಸೊಸೈಟಿ ಸಾಲ ಆಗಲೇ ಒಂದಿದೆ.

ಬ್ರೋಕರ್ ಹೇಳೋದು ಬೇರೆ. 'ಮೇಲಿನ ಪೋರ್ಷನ್ 5 ಲಕ್ಷಕ್ಕೆ ಲೀಸ್ ಹಾಕಿ, ಆ ದುಡ್ಡಲ್ಲೇ ರಿಜಿಸ್ಟ್ರಿ ಮುಗಿಸಿ' ಅಂತ. ಲೀಸ್ ಅಂದರೆ ತಿಂಗಳ ಬಾಡಿಗೆ ಬದಲು ಒಂದೇ ಸಲ ದೊಡ್ಡ ಮೊತ್ತ ಇಸ್ಕೊಂಡು, ಅವರು ಮನೆ ಬಿಡುವಾಗ ವಾಪಸ್ ಕೊಡೋದು. ಕೇಳೋಕೆ ಚೆನ್ನಾಗಿದೆ. ಆದರೆ ಬಾಡಿಗೆ ಬರೋದು ಕೆಳಗಿನ 5,500 ಮಾತ್ರ, ಕಂತು 22 ಸಾವಿರದ ಹತ್ತಿರ. ಮೇಲಾಗಿ ಬ್ಯಾಂಕಿನವರು ಕರಾರಿನ ಒಂದು ಸಾಲಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತೋರಿಸಿದರು: ಒಪ್ಪಿಗೆ ಇಲ್ಲದೆ ಲೀಸ್ ಕೊಡುವಂತಿಲ್ಲ. 'ಅದೆಲ್ಲ ಸುಮ್ನೆ ಬರೆದಿರ್ತಾರೆ, ಯಾರೂ ಕೇಳಲ್ಲ' ಅಂತಾನೆ ಬ್ರೋಕರ್.

ನನಗೆ ಗೊಂದಲ ಇಲ್ಲೇ. ನಿಮ್ಮಲ್ಲಿ ಯಾರಾದರೂ ಸಾಲದಲ್ಲಿರೋ ಮನೆ ಲೀಸ್‌ಗೆ ಕೊಡೋಕೆ ಬ್ಯಾಂಕಿನಿಂದ ಲಿಖಿತ ಒಪ್ಪಿಗೆ ತಗೊಂಡಿದ್ದೀರಾ? ರಿಜಿಸ್ಟ್ರಿಗೆ ಮುಂಚೆಯೇ ಲೀಸ್ ದುಡ್ಡು ಇಸ್ಕೊಂಡರೆ ಮುಂದೆ ತೊಂದರೆ ಆಗುತ್ತಾ?