‘ರೆಫ್ಯೂಸ್’ ಎಂದು ಬರೆಸಿದರೆ ‘ರಿಜೆಕ್ಟ್’ ಮಾಡಿದಂತೆಯೇ?

(ಪದಗಳ ಅರ್ಥ ಕೇಳುವ ಮೊಬೈಲ್ ಗುಂಪೊಂದರ ಮಾತುಕತೆ)

ಕೊಪ್ಪಳದ ವಿದ್ಯಾರ್ಥಿನಿ: ಸರ್, ರೆಫ್ಯೂಸ್, ರಿಜೆಕ್ಟ್ ಎರಡಕ್ಕೂ ನನ್ನ ನಿಘಂಟಿನಲ್ಲಿ ‘ನಿರಾಕರಿಸು, ತಿರಸ್ಕರಿಸು’ ಎಂದೇ ಇದೆ. ವ್ಯತ್ಯಾಸವೇನು? ಡಿಕ್ಲೈನ್ ಎಲ್ಲಿ ಬರುತ್ತದೆ?

ಅನುವಾದಕ (ಬಳ್ಳಾರಿ, ನ್ಯಾಯಾಲಯದ ಕಾಗದಪತ್ರಗಳು): ರೆಫ್ಯೂಸ್ ಎಂದರೆ ಒಲ್ಲೆ ಎನ್ನುವುದು. ರಿಜೆಕ್ಟ್ ಎಂದರೆ ನೋಡಿ, ತೂಗಿ, ಆಚೆ ಎಸೆಯುವುದು. ಲ್ಯಾಟಿನ್ ಮೂಲದ ಅರ್ಥವೂ ‘ಹಿಂದಕ್ಕೆ ಎಸೆ’ ಎಂದೇ. ಮಗು ಹಾಲು ಒಲ್ಲೆ ಎಂದರೆ ರೆಫ್ಯೂಸ್. ಚುನಾವಣಾಧಿಕಾರಿ ನಾಮಪತ್ರ ಪರಿಶೀಲಿಸಿ ತಳ್ಳಿಹಾಕಿದರೆ ರಿಜೆಕ್ಟ್. ‘ರೆಫ್ಯೂಸ್ಡ್ ಟು ಕಮ್’ ಸರಿ, ‘ರಿಜೆಕ್ಟೆಡ್ ಟು ಕಮ್’ ತಪ್ಪು. ಬ್ಯಾಂಕು ನಿಮ್ಮ ಅರ್ಜಿಯನ್ನು ರಿಜೆಕ್ಟ್ ಮಾಡುತ್ತದೆ, ನಿಮಗೆ ಸಾಲವನ್ನು ರೆಫ್ಯೂಸ್ ಮಾಡುತ್ತದೆ.

ಬಳ್ಳಾರಿಯ ಜೀನ್ಸ್ ಹೊಲಿಗೆಯವರು: ಜಿಪ್ ಓರೆಯಾದ ಪ್ಯಾಂಟಿಗೆ ಸೀಮೆಸುಣ್ಣದಲ್ಲಿ ಗೀಟು ಎಳೆದು ‘ರಿಜೆಕ್ಟ್’ ರಾಶಿಗೆ ಹಾಕುತ್ತೇವೆ. ಸರಿಯೇ?

ಅನುವಾದಕ: ಸರಿ. ವಸ್ತುವಿನ ಹೆಸರಾದಾಗ ಒತ್ತು ಮೊದಲಿಗೆ ಬೀಳುತ್ತದೆ: ರೀಜೆಕ್ಟ್. ರೆಫ್ಯೂಸ್ ಕೂಡ ಒತ್ತು ಮೊದಲಿಗೆ ಬಂದು ನಾಮಪದವಾದರೆ ಕಸ ಎಂದರ್ಥ.

ಸಿಂಧನೂರಿನ ರೈತ: ತೇವಾಂಶ ಶೇ 17 ಮೀರಿದೆ ಎಂದು ಖರೀದಿ ಕೇಂದ್ರದಿಂದ ಭತ್ತ ವಾಪಸು ಕಳಿಸಿದರು. ಇದು ಯಾವುದು?

ಅನುವಾದಕ: ಮೀಟರ್ ಹಾಕಿ ನೋಡಿದರಲ್ಲವೇ? ರಿಜೆಕ್ಟ್.

ಗಂಗಾವತಿಯ ಸದಸ್ಯ: ಸಿಂಧನೂರಿನವರು ಕಣದಲ್ಲಿ ಒಣಗಿಸದೆ ನೇರ ಟ್ರ್ಯಾಕ್ಟರಿಗೆ ತುಂಬಿದರೆ ಇನ್ನೇನಾಗುತ್ತದೆ?

ರಾಯಚೂರಿನ ಸದಸ್ಯ: ಸರ್, ನನ್ನದು ಸ್ವಲ್ಪ ಗಂಭೀರ. ಬೀಜ-ಗೊಬ್ಬರದ ಅಂಗಡಿಗೆ ಕೊಟ್ಟ ಚೆಕ್ಕು ಬೌನ್ಸ್ ಆಯಿತು. ಅರ್ಧ ಹಣವನ್ನು ಮೊದಲೇ ನಗದಾಗಿ ಕೊಟ್ಟಿದ್ದೆ. ಅವರ ವಕೀಲರ ನೋಟಿಸು ಬಂದಾಗ, ಒಂದು ಫಾರ್ವರ್ಡ್ ಸಂದೇಶ ನಂಬಿ, ಪೋಸ್ಟ್‌ಮನ್ ಕೈಯಲ್ಲಿ ‘ರೆಫ್ಯೂಸ್ಡ್’ ಎಂದು ಬರೆಸಿ ಕಳಿಸಿದೆ. ನೋಟಿಸು ಮುಟ್ಟದಿದ್ದರೆ ಕೇಸು ನಿಲ್ಲುವುದಿಲ್ಲ, ಬೇಡಿಕೆಯನ್ನೂ ತಳ್ಳಿಹಾಕಿದಂತಾಗುತ್ತದೆ ಎಂದು ಅದರಲ್ಲಿತ್ತು.

ಅನುವಾದಕ: ಆ ಸಂದೇಶ ಬರೆದವನು ನಿಮ್ಮ ಜೊತೆ ಕಟಕಟೆಗೆ ಬರುವುದಿಲ್ಲ, ಯಜಮಾನರೇ. ನೀವು ಲಕೋಟೆಯನ್ನು ಒಲ್ಲೆ ಎಂದಿರಿ, ಅಷ್ಟೇ. ಒಳಗಿದ್ದ ಬೇಡಿಕೆಯನ್ನು ತಳ್ಳಿಹಾಕಲಿಲ್ಲ. ಒಡೆದು ಓದದೆ ಅದು ಸಾಧ್ಯವೂ ಇಲ್ಲ. ಸರಿಯಾದ ವಿಳಾಸಕ್ಕೆ ಅಂಚೆಯಲ್ಲಿ ಬಂದ ನೋಟಿಸನ್ನು ಒಲ್ಲೆ ಎಂದರೆ, 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಮಿನಂತೆ ಅದು ಮುಟ್ಟಿದೆ ಎಂದೇ ನ್ಯಾಯಾಲಯ ಭಾವಿಸುತ್ತದೆ. ಮುಟ್ಟಿಲ್ಲ ಎಂದು ತೋರಿಸುವ ಹೊರೆ ನಿಮ್ಮದು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ, ಚೆಕ್ ಅಮಾನ್ಯದ 138ನೇ ಕಲಮಿನಲ್ಲಿ ನೋಟಿಸು ಮುಟ್ಟಿದ ಮೇಲೆ ಹಣ ಕಟ್ಟಲು 15 ದಿನ. ಅರ್ಧ ಕೊಟ್ಟಿದ್ದೇನೆ ಎಂಬ ನಿಮ್ಮ ಮಾತೇ ನಿಜವಾದ ರಿಜೆಕ್ಟ್. ಅದನ್ನು ರಸೀದಿಯ ಸಮೇತ ಬರವಣಿಗೆಯಲ್ಲಿ ಹೇಳಬೇಕಿತ್ತು. ಪೋಸ್ಟ್‌ಮನ್ ಬಂದದ್ದು ಎಂದು?

ಸಿಂಧನೂರಿನ ರೈತ: ಗಂಗಾವತಿಯ ಗಿರಣಿಗಳಿಗೆ ಸಿಂಧನೂರಿನ ಭತ್ತ ಬರದಿದ್ದರೆ ನೊಣ ಹೊಡೆಯುತ್ತಾ ಕೂರಬೇಕಾಗುತ್ತದೆ. ಅದನ್ನೂ ಬರೆಯಿರಿ.

ಗಂಗಾವತಿಯ ಸದಸ್ಯ: ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಮೊದಲು ಯಾರಿಗೆ ಬರುತ್ತದೆ ಎಂದು ನೋಡಿ ಮಾತನಾಡಿ.

ಸಿಂಧನೂರಿನ ರೈತ: ಬರುತ್ತದೆ ಎನ್ನಬೇಡಿ, ತಡೆದುಕೊಳ್ಳುತ್ತೀರಿ ಎನ್ನಿ.

ಹೊಸಬರು: ರೆಫ್ಯೂಸ್ ಮತ್ತು ರಿಜೆಕ್ಟ್ ನಡುವಿನ ವ್ಯತ್ಯಾಸ ತಿಳಿಸುವಿರಾ ಸರ್?

ಅನುವಾದಕ: ಮೇಲೆ ಓದಿ.

ಇನ್ನೊಬ್ಬ ಸದಸ್ಯ: ಫಾರ್ವರ್ಡ್ ಮಾಡಿದ್ದು ನಾನೇ. ಬಹಳ ಜನರಿಗೆ ಉಪಯೋಗವಾಗಿದೆ. ‘ಮನೆಯಲ್ಲಿಲ್ಲ’ ಎಂದು ಬರೆಸಿದರೆ ಇನ್ನೂ ಒಳ್ಳೆಯದು, ಅದೂ ಕಳಿಸಲೇ?

ಅನುವಾದಕ: ಬೇಡ. ಮನೆಯೊಳಗೆ ಕುಳಿತು ಮನೆಯಲ್ಲಿಲ್ಲ ಎಂದು ಬರೆಸುವುದು ಸುಳ್ಳು. ಕಳಿಸಿದರೆ ನಾನು ಗುಂಪು ಬಿಡುತ್ತೇನೆ.

ಇನ್ನೊಬ್ಬ ಸದಸ್ಯ: ಬಿಟ್ಟರೆ ಬಿಡಿ. ಪದದ ಅರ್ಥ ಹೇಳುವವರು ವಕೀಲಿ ಮಾಡಬಾರದು.

ಜೀನ್ಸ್ ಹೊಲಿಗೆಯವರು: ಅಣ್ಣಾ, ಒಂದು ಸಂದೇಶಕ್ಕೆ ಇಷ್ಟು ಉರಿಯೇ?

ರಾಯಚೂರಿನ ಸದಸ್ಯ: ಸರ್, 9ನೇ ತಾರೀಕು ಬಂದಿದ್ದರು.

ಅನುವಾದಕ: ಇಂದು 21. ಮರುದಿನದಿಂದ ಎಣಿಸಿದರೆ 24ಕ್ಕೆ ಮುಗಿಯುತ್ತದೆ. ನಗದು ಕೊಟ್ಟ ರಸೀದಿ ಹುಡುಕಿಕೊಂಡು ನಾಳೆ ಬೆಳಿಗ್ಗೆಯೇ ವಕೀಲರ ಬಳಿ ಹೋಗಿ. ಇಲ್ಲಿ ಇನ್ನೊಂದು ಸಾಲೂ ಬರೆಯಬೇಡಿ.

ಕೊಪ್ಪಳದ ವಿದ್ಯಾರ್ಥಿನಿ: ಸರ್, ಡಿಕ್ಲೈನ್?

ಗಂಗಾವತಿಯ ಸದಸ್ಯ: ತಡೆದುಕೊಂಡಿದ್ದಕ್ಕೆ ಸಾಕ್ಷಿ ಎಲ್ಲಿದೆ?